ಸೆಮಿ ಡಬಲ್ ಮಂಚದ ಮೇಲೆ ಮಾವ

ಉಗುರು ಕತ್ತರಿ ಹುಡುಕಲೆಂದು ಮೇಜಿನ ಡ್ರಾಯರ್ ಎಳೆದರೆ ಕೈಗೆ ಸಿಕ್ಕಿದ್ದು ಒಂದು ಟೂತ್‌ಬ್ರಷ್. ಇನ್ನೂ ಪ್ಲಾಸ್ಟಿಕ್ ತೊಟ್ಟೆಯಿಂದ ಹೊರಗೇ ಬಂದಿಲ್ಲ. ಗೊಂಬೆಗೆ ಹಲ್ಲು ಬಂದರೆ ಉಪಯೋಗಕ್ಕೆ ಬರುವಷ್ಟು ಸಣ್ಣದು. ಒಸಾಕಾದ ಹೋಟೆಲೊಂದರಿಂದ ನಾನು ಎತ್ತಿಕೊಂಡು ಬಂದದ್ದು. ಕದ್ದದ್ದೆಂದು ತಿಳಿಯಬೇಡಿ, ಅಲ್ಲಿ ಅದು ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಬರುವವನಿಗೆ ಮಂಗಳೂರಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಹೆಣ್ಣಿನ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೇನೆ. ನಾನು ಜಪಾನಿಗೆ ಹೋದದ್ದೇ ಹೆಣ್ಣಿಗಾಗಿ. ಜಪಾನಿನ ಹೆಣ್ಣಲ್ಲ, ನಮ್ಮೂರ ಜೆಪ್ಪುವಿನ ಹೆಣ್ಣು.

ಶ್ರೇಯಾಳ ಅಪ್ಪ ಒಪ್ಪಿದ್ದರು, ಅಮ್ಮ ಒಪ್ಪಿದ್ದರು. ಆದರೆ ನಮ್ಮ ತುಳುವರಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ, ಹುಡುಗಿಯ ಅಮ್ಮನ ಅಣ್ಣ ಹೂಂ ಅನ್ನಬೇಕು. ಆ ಅಣ್ಣನೇ ಸದಾಶಿವ ಮಾವ. ಬಲ್ಮಠದಲ್ಲಿ ಐಸ್‌ಕ್ರೀಂ ಅಂಗಡಿ. ಮಾರುವುದು ಐಸ್‌ಕ್ರೀಂ ಆದ್ದರಿಂದಲೋ ಏನೋ, ಮುಖ ಯಾವಾಗಲೂ ಫ್ರೀಜರಿನಿಂದ ಈಗಷ್ಟೇ ತೆಗೆದಂತೆ. ನನ್ನ ಬಗ್ಗೆ ಯಾರು ಕೇಳಿದರೂ "ನೋಡುವ" ಎನ್ನುತ್ತಿದ್ದರು. "ನೋಡುವ" ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ನಂತೂರು ಸರ್ಕಲಿನಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದ ಹಾಗೆ, ಮುಂದಿನದೂ ಕಾಣುವುದಿಲ್ಲ, ಹಿಂದೆ ಹೋಗಲಿಕ್ಕೂ ಆಗುವುದಿಲ್ಲ.

ಐಸ್‌ಕ್ರೀಂ ಮಾಡುವ ಹೊಸ ಯಂತ್ರ ನೋಡಲು ಮಾವ ಒಸಾಕಾಕ್ಕೆ ಹೊರಟಾಗ ಶ್ರೇಯಾ ಫೋನ್ ಮಾಡಿದಳು.

"ಅವರಿಗೆ ಒಬ್ಬ ಜನ ಜೊತೆಗೆ ಬೇಕಂತೆ. ನೀನು ಹೋಗು ಮಾರಾಯ. ನಾಲ್ಕು ದಿನ ಒಟ್ಟಿಗೆ ಇದ್ರೆ ನಿನ್ನ ಗುಣ ಗೊತ್ತಾಗ್ತದೆ."

"ನನಗೆ ಅದೇ ಹೆದರಿಕೆ."

ಮಾವನ ಬೇಡಿಕೆ ಒಂದೇ. "ಮಲಗ್ಲಿಕ್ಕೆ ಮಾತ್ರ ಅಲ್ವಾ? ಸಣ್ಣ ರೂಮು ಸಾಕು. ದುಡ್ಡು ದಂಡ ಮಾಡ್ಬೇಡ." ಹಾಗಾಗಿ ಒಂದು ಬಿಸಿನೆಸ್ ಹೋಟೆಲ್ ಹುಡುಕಿ, ಫೋನಿನಲ್ಲಿ "ಸೆಮಿ ಡಬಲ್" ಎಂಬುದನ್ನು ಒತ್ತಿದೆ. ಡಬಲ್ ಎಂದರೆ ಇಬ್ಬರಿಗೆ ಎರಡು ಮಂಚ, ಸೆಮಿ ಎಂದರೆ ಮಂಚಗಳು ಸ್ವಲ್ಪ ಸಣ್ಣವು. ಇದು ನನ್ನ ಲೆಕ್ಕಾಚಾರ. ಬಿ.ಕಾಂ. ಓದಿದವನು, ಲೆಕ್ಕ ತಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ.

ಕೋಣೆಯ ಬಾಗಿಲು ತೆರೆದರೆ ಅದು ಮಂಚಕ್ಕೆ ಬಡಿದು ನಿಂತಿತು. ಒಂದೇ ಮಂಚ. ಅದೂ ಒಬ್ಬ ಮನುಷ್ಯ ಮತ್ತು ಅವನ ನೆರಳು ಮಲಗಬಹುದಾದಷ್ಟು. ಮಾವ ಬಾಗಿಲಲ್ಲೇ ನಿಂತು ಕೇಳಿದರು, "ಉಳಿದದ್ದು ಎಲ್ಲಿ ಉಂಟು?"

"ಯಾವುದು ಮಾವ?"

"ರೂಮು."

ಒಬ್ಬರು ನಡೆಯಬೇಕಾದರೆ ಇನ್ನೊಬ್ಬರು ಮಂಚ ಹತ್ತಬೇಕು. ಪೆಟ್ಟಿಗೆ ಬಿಚ್ಚಬೇಕಾದರೆ ಇಬ್ಬರೂ ಹತ್ತಬೇಕು. ಮಾವ ನಿಂತಿರುವಾಗ ಹುಡುಗ ಕೂರಬಾರದೆಂದು ನನ್ನ ಅಮ್ಮ ಹೇಳಿ ಕಳಿಸಿದ್ದಳು. ಅಮ್ಮ ಈ ಕೋಣೆಯನ್ನು ನೋಡಿರಲಿಲ್ಲ. ಹಾಗಾಗಿ ನಾನು ಮಂಚದ ಮೇಲೆ ನಿಂತೇ ಅವರಿಗೆ ಗೌರವ ಕೊಡಬೇಕಾಯಿತು. ತಲೆ ಸೀಲಿಂಗಿಗೆ ತಾಗುತ್ತಿತ್ತು. ಶೋರೂಮಿನ ಗೊಂಬೆಯ ಹಾಗೆ ಕುತ್ತಿಗೆ ಬಾಗಿಸಿ ನಿಂತ ನನ್ನನ್ನು ಮಾವ ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದರು. "ನೋಡುವ" ಎಂದು ಹೇಳದಿದ್ದರೂ ನನಗೆ ಕೇಳಿಸಿತು.

ಬಚ್ಚಲು ಇನ್ನೊಂದು ಸೋಜಿಗ. ಇಡೀ ಬಚ್ಚಲನ್ನು ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿತ್ತು. ಚೆಂಬು ಇಲ್ಲ ಎಂದು ಗೊಣಗಿ ಮಾವ ಹಲ್ಲುಜ್ಜುವ ಲೋಟದಲ್ಲಿ ಸ್ನಾನ ಶುರು ಮಾಡಿದರು. ನಾನು ಬಾಗಿಲ ಪಕ್ಕದ ಗೂಡಿನಲ್ಲಿದ್ದ ಕೀಲಿ ಕಾರ್ಡನ್ನು ಕಿತ್ತುಕೊಂಡು ನೀರಿನ ಬಾಟಲಿ ತರಲು ಹೋದೆ. ಆ ಕಾರ್ಡು ಅಲ್ಲಿದ್ದರೆ ಮಾತ್ರ ಕೋಣೆಗೆ ಕರೆಂಟು ಎಂದು ಯಾರಿಗೆ ಗೊತ್ತು! ಮರಳಿ ಬಂದರೆ ಕತ್ತಲೆಯೊಳಗಿನಿಂದ ಸೋಪು ತುಂಬಿದ ಬಾಯಿಯ ತುಳು ಕೇಳುತ್ತಿತ್ತು. "ಕರೆಂಟ್ ಪೋಂಡ್!" ಕರೆಂಟು ಹೋಯಿತೆಂದು ಅವರಿಗೆ ಸಿಟ್ಟು ಬಂದಿರಲಿಲ್ಲ. ಹೊರಬಂದ ಮೇಲೆ ತಲೆ ಒರೆಸಿಕೊಳ್ಳುತ್ತಾ ತುಂಬಾ ಸಮಾಧಾನದಿಂದ, "ನಮ್ಮಲ್ಲಿ ಮಾತ್ರ ಅಂತ ಗ್ರಹಿಸಿದ್ದೆ. ಇಲ್ಲಿಯೂ ಹೋಗ್ತದೆ ಅಲ್ವಾ?" ಎಂದರು. ಹಿರಿಯರ ದೇಶಪ್ರೇಮಕ್ಕೆ ಅಡ್ಡಿ ಬರಬಾರದೆಂದು ನಾನು ಕಾರ್ಡನ್ನು ಸದ್ದಿಲ್ಲದೆ ಗೂಡಿಗೆ ಸಿಕ್ಕಿಸಿದೆ.

ಅವರು ಮಲಗಿ ನಿದ್ದೆ ಹೋದರು. ನಾನು ಮಂಚದ ಅಂಚಿನಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡೆ. ಕಾಲು ತಾಗಿದರೆ ಹೆಣ್ಣು ತಪ್ಪಿತು, ಬಿದ್ದರೆ ಸೊಂಟ ತಪ್ಪಿತು.

ಮರುದಿನ ಬೆಳಿಗ್ಗೆಯೇ ಯಂತ್ರದವರ ಜೊತೆ ಮಾತುಕತೆ. ಮಾವನಿಗೆ ಅಂಗಿ ಪ್ಯಾಂಟು ಹಾಕಲು ಜಾಗ ಬೇಕಲ್ಲ, ನಾನು ಮೊದಲೇ ತಿಂಡಿಗೆ ಇಳಿದೆ. ಹೋಟೆಲಿನವರು ಮಂಚದ ಮೇಲೆ ಮಡಚಿಟ್ಟಿದ್ದ, ಮೊಣಕಾಲು ದಾಟುವ ಹತ್ತಿಯ ನಿಲುವಂಗಿಯನ್ನು ತೊಟ್ಟುಕೊಂಡಿದ್ದೆ. ತೊಡುವ ಕ್ರಮಕ್ಕೆ ಗೋಡೆಯಲ್ಲಿ ಚಿತ್ರವಿತ್ತು. ಚಿತ್ರದವನ ಎದುರು ನಿಂತು, ಶಾಲೆಯ ಡ್ರಿಲ್ ಮಾಸ್ಟರನ್ನು ನೋಡಿದಂತೆ ನೋಡಿ, ಅವನು ಯಾವ ಬದಿ ಮಡಚಿದ್ದನೋ ನಾನೂ ಕನ್ನಡಿಯ ಹಾಗೆ ಆ ಬದಿಗೇ ಮಡಚಿ ದಾರ ಕಟ್ಟಿದ್ದೆ.

ತಿಂಡಿಯ ಕೋಣೆಯಲ್ಲಿ ಒಬ್ಬರು ಅಜ್ಜಿ, ಅವರೂ ನಮ್ಮ ಹಾಗೆ ಉಳಿದುಕೊಳ್ಳಲು ಬಂದವರು, ನನ್ನನ್ನು ಕಂಡದ್ದೇ ತಟ್ಟೆ ಕೆಳಗಿಟ್ಟು ಎದೆ ಮುಟ್ಟಿಕೊಂಡರು. ಏನೋ ಹೇಳಿದರು. ನನ್ನ ಎದೆಯ ಕಡೆ ಬೆರಳು ತೋರಿಸಿದರು. ಎಲ್ಲೋ ಏನೋ ಕಾಣಿಸುತ್ತಿದೆ ಎಂದು ನಾನು ಎರಡೂ ಕೈಯಿಂದ ಸಿಕ್ಕಿದ್ದೆಲ್ಲ ಮುಚ್ಚಿಕೊಂಡೆ. ಅಜ್ಜಿ ಇನ್ನಷ್ಟು ಗಾಬರಿಯಾಗಿ ಫೋನಿಗೆ ಏನೋ ಹೇಳಿ ನನ್ನ ಮುಖದೆದುರು ಹಿಡಿದರು. ಫೋನು ಇಂಗ್ಲಿಷಿನಲ್ಲಿ ತಣ್ಣಗೆ ತಿಳಿಸಿತು. ಬಲದ ಮಡಿಕೆ ಎಡದ್ದರ ಮೇಲೆ ಬರುವ ಹಾಗೆ ಇಲ್ಲಿ ಉಡಿಸುವುದು ಸತ್ತವರಿಗಂತೆ.

ಬದಲಾಯಿಸಲೆಂದು ಲಿಫ್ಟಿನ ಕಡೆ ಓಡಿದೆ. ಬಾಗಿಲು ತೆರೆಯಿತು. ಒಳಗೆ ಮಾವ. ಇಸ್ತ್ರಿ ಅಂಗಿ, ಹಣೆಯಲ್ಲಿ ಗಂಧ, ಕೈಯಲ್ಲಿ ಚೀಲ. ಹೊರಟು ನಿಂತ ಮನುಷ್ಯ.

"ಎಂತ ಇದು ವೇಷ? ಆ ಅಮ್ಮ ಯಾಕೆ ನಿನ್ನನ್ನು ಹಾಗೆ ನೋಡ್ತಾರೆ?"

ಸುಳ್ಳು ಹೇಳಬಹುದಿತ್ತು, ಸುಳ್ಳಿನಲ್ಲಿ ನನಗೆ ಒಳ್ಳೆಯ ಅಭ್ಯಾಸವೂ ಇತ್ತು. ಆದರೆ ಆ ಬೆಳಿಗ್ಗೆ ನಿದ್ದೆಯಿಲ್ಲದ ತಲೆಗೆ ಒಂದೂ ಹೊಳೆಯಲಿಲ್ಲ.

"ಹೆಣಕ್ಕೆ ಹೀಗೆ ಉಡಿಸೋದಂತೆ ಮಾವ. ನನಗೆ ಗೊತ್ತಿರ್ಲಿಲ್ಲ."

ಲಿಫ್ಟಿನ ಬಾಗಿಲು ಮುಚ್ಚಲು ಬಂತು, ನನ್ನ ಭುಜಕ್ಕೆ ತಾಗಿ ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮದುವೆ ಅಲ್ಲಿಗೆ ಮುಗಿಯಿತೆಂದು ನಾನು ಶ್ರೇಯಾಳಿಗೆ ಹೇಳಬೇಕಾದ ಮಾತನ್ನು ಜೋಡಿಸತೊಡಗಿದ್ದೆ.

"ಅಂದ್ರೆ," ಮಾವ ನಿಧಾನಕ್ಕೆ ಕೇಳಿದರು, "ನಾನು ಕೆಲಸಕ್ಕೆ ಹೊರಡುವಾಗ ಹೆಣ ಎದುರು ಬಂತು."

"ಹೌದು."

"ಒಳ್ಳೇದಾಯ್ತು."

ಹೊರಡುವಾಗ ಹೆಣ ಎದುರಾದರೆ ಹೋದ ಕೆಲಸ ಆಗುತ್ತದೆಂಬುದು ನಮ್ಮ ಹಿರಿಯರ ನಂಬಿಕೆ. ಊರಿನಲ್ಲಾದರೆ ಅದಕ್ಕೆ ಯಾರಾದರೂ ಸಾಯಬೇಕು. ಮಾವ ಬಲಗಾಲಿಟ್ಟು ಲಿಫ್ಟಿನಿಂದ ಹೊರಬಂದರು. ಅಜ್ಜಿಗೆ ಕೈ ಮುಗಿದರು, ನನಗೂ ಅರ್ಧ ಮುಗಿದಂತಾಯಿತು. ಯಂತ್ರದ ಮಾತುಕತೆ ಕುದುರಿತು.

ವಾಪಸು ಬರುವಾಗ ವಿಮಾನದಲ್ಲಿ ಅವರೇ ಬಾಯಿ ಬಿಟ್ಟರು. "ಶ್ರೇಯಾನ ವಿಷಯ... ನನ್ನದು ಅಡ್ಡಿ ಇಲ್ಲ."

"ಆ ಶಕುನದಿಂದವಾ ಮಾವ?"

"ಅಲ್ಲ ಮಾರಾಯ. ನೀನು ಗೊರಕೆ ಹೊಡೆಯೋದಿಲ್ಲ. ಹುಡುಗಿಗೆ ಅಷ್ಟು ಸಾಕು."

ನಾನು ನಿದ್ದೆಯನ್ನೇ ಮಾಡಿರಲಿಲ್ಲ. ಈಗ ಹೆಂಡತಿಯಾಗಿರುವ ಶ್ರೇಯಾ ದಿನಾ ಬೆಳಿಗ್ಗೆ ಮಾವನ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುತ್ತಾಳೆ. ಹೂಂ ಎಂದದ್ದು ಗೊರಕೆಗೋ, ಶಕುನಕ್ಕೋ, ನನಗೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅಂದಿನಿಂದ ಮಾತ್ರ ಮಾವ ಬ್ಯಾಂಕಿಗೆ ಹೋಗಲಿ, ಕೋರ್ಟಿಗೆ ಹೋಗಲಿ, ನನಗೆ ಫೋನು ಬರುತ್ತದೆ. "ಒಮ್ಮೆ ಎದುರು ಬಂದು ಹೋಗು." ನಾನು ಅವರ ಗೇಟಿನ ಹೊರಗೆ ಅಡಗಿದ್ದು, ಅವರು ಮೆಟ್ಟಿಲಿಳಿಯುವಾಗ ಗಂಭೀರವಾಗಿ ಎದುರು ನಡೆದು ಬರುತ್ತೇನೆ. ಅಕ್ಕಪಕ್ಕದವರಿಗೆ ಇದು ಏನೆಂದು ಗೊತ್ತಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ.

ನಾಳೆ ಅವರಿಗೆ ಹೃದಯದ ಆಪರೇಷನ್. ಆಸ್ಪತ್ರೆಗೆ ಹೋಗುವವನಿಗೆ ಹೆಣ ಎದುರು ಬರುವುದು ಒಳ್ಳೆಯದೋ ಕೆಟ್ಟದ್ದೋ, ಯಾರನ್ನು ಕೇಳುವುದು? ಬ್ರಷ್ಷನ್ನು ಡ್ರಾಯರಿಗೆ ಹಾಕಿ ಅವರಿಗೇ ಫೋನು ಮಾಡಿದೆ.

"ನಾಳೆ ಯಾವಾಗ ಎದುರು ಬರ್ಲಿ ಮಾವ?"



"ಎದುರು ಬೇಡ," ಎಂದರು. "ನಾಳೆ ಒಂದು ದಿನ ಕಾರಲ್ಲಿ ನನ್ನ ಹತ್ರ ಕೂತ್ಕೋ ಮಾರಾಯ."

ಹಿಂದಿನ ಸೀಟಿನಲ್ಲಿ ಬೇಕಾದಷ್ಟು ಜಾಗ ಉಂಟು. ಒತ್ತಿಕೊಂಡೇ ಕೂರುತ್ತೇನೆ.