ಬಾಗದ ಆಕ್ಸಲ್

ಗೆಳೆಯರೇ, ಇವತ್ತು ಬೆಳಿಗ್ಗೆ ಬ್ರೇಕಿಲ್ಲದ ಜೀಪಿನಲ್ಲಿ ಗುಡ್ಡ ಇಳಿದೆ.

ತೋಟದ ಕಲ್ಲುದಾರಿಯಲ್ಲಿ ನಮ್ಮ ಜೀಪಿನ ಮುಂದಿನ ಆಕ್ಸಲ್ ಎರಡು ಸಲ ಬಾಗಿತ್ತು. ಅದಕ್ಕೇ ನಮ್ಮ ಯಜಮಾನರು ಪೊಳ್ಳಾಚಿಯ ಮೆಕ್ಯಾನಿಕ್ ಮಾರಪ್ಪನಿಂದ, ಹರಾಜಿಗೆ ಬಂದ ಮಿಲಿಟರಿ ಗಾಡಿಯ ದಪ್ಪ ಆಕ್ಸಲ್ ಹಾಕಿಸಿದರು. ಓಡಿಸಿ ನೋಡೋಣವೆಂದು ಮಾರಪ್ಪನನ್ನೂ ಕೂರಿಸಿಕೊಂಡು ಮೂವರೂ ಹೊರಟೆವು.

ಇಳಿಜಾರಿನಲ್ಲಿ ಮುಂದಿನ ಚಕ್ರ ಗುಂಡಿಗಿಳಿಯಿತು. ಟಪ್ ಎಂದು ಏನೋ ಕಿತ್ತುಹೋಯಿತು. ಓಡಿಸುತ್ತಿದ್ದ ಯಜಮಾನರು ತುಳಿದ ಬ್ರೇಕ್ ಪೆಡಲ್ ನೆಲಕ್ಕೆ ಕೂತಿತು.

"ಬ್ರೇಕ್ ಇಲ್ಲೆ! ಗೆಟ್ಟಿಯಾ ಹಿಡ್ಕೋ!" ಎಂದು ನನಗೆ ಕೂಗಿದರು.

ಎಡಕ್ಕೆ ಕಣಿವೆ. ನಾನು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಇವರು ಗೇರ್ ಇಳಿಸಿ, ಜೀಪನ್ನು ಬಲಗಡೆಯ ಬಂಡೆಗೆ ಗುದ್ದಿಸಿ ನಿಲ್ಲಿಸಿದರು.

ಮಾರಪ್ಪ ಜೀಪಿನ ಅಡಿಗೆ ನುಸುಳಿ ನೋಡಿದ. ಹಳೆಯ ಬ್ರೇಕ್ ಪೈಪು ಹೊಸ ಆಕ್ಸಲ್‌ಗೆ ಗಿಡ್ಡವಾಗಿ ಕಿತ್ತುಬಂದಿತ್ತು. ಅದನ್ನು ಬದಲಿಸಲು ಮರೆತವನು ಅವನೇ. ಆದರೂ ಹಲ್ಲುಬಿಡುತ್ತ ಹೊರಬಂದ.

"ಆಕ್ಸಲ್ ನೋಡಿ ಅಮ್ಮಣಿ! ಒಂದು ಚೂರೂ ಬಾಗಿಲ್ಲೆ!"

"ಹೌದಾ?" ಎಂದು ಯಜಮಾನರೂ ಬಗ್ಗಿದರು.

ನಾನು ಊರಿಗೆ ನಡೆದುಬಂದು, ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಾಕಿ ಬೇರೆ ಮೆಕ್ಯಾನಿಕ್ಕನ್ನು ಕರೆದಿದ್ದೇನೆ. ಅವರಿಬ್ಬರೂ ಇನ್ನೂ ಅಲ್ಲೇ ಆಕ್ಸಲ್ ಹೊಗಳುತ್ತ ಕೂತಿರಬೇಕು.