ಬರಿ ಡಬ್ಬಿ

ಬೆಳಿಗ್ಗೆ ಕಾಫಿಪುಡಿ ಹುಡುಕುತ್ತಾ ಶೆಲ್ಫಿಗೆ ಕೈ ಹಾಕಿದರೆ ಸಿಕ್ಕಿದ್ದು ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಕೊಬ್ಬರಿ ಮಿಠಾಯಿಯ ಏಲಕ್ಕಿ ವಾಸನೆ ಇನ್ನೂ ಉಳಿದಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಸರೋಜ. ಎದುರುಮನೆ ಸರೋಜಮ್ಮನವರ ಡಬ್ಬಿ, ದಸರೆಯಲ್ಲಿ ನಾವು ಬೀದಿಯವರನ್ನೆಲ್ಲ ಊಟಕ್ಕೆ ಕರೆದ ದಿನ ಬಂದದ್ದು. ಕೊಟ್ಟುಬರೋಣವೆಂದು ಹೊಸಿಲು ದಾಟುವಷ್ಟರಲ್ಲಿ ನನ್ನ ಹೆಂಡತಿ ಗಿರಿಜೆ ಒಳಗಿನಿಂದ ಕೂಗಿದಳು. "ರೀ, ಬರಿ ಡಬ್ಬಿ ತಗೊಂಡು ಹೊರಟ್ರಾ?"

ಅವಳ ಬಾಯಲ್ಲಿ ನನ್ನ ದೊಡ್ಡಮ್ಮ ಮಾತಾಡಿದಂತಾಯಿತು.

ಮಂಡಿ ಮೊಹಲ್ಲಾದ ನಮ್ಮ ಹಳೆ ಮನೆಯಲ್ಲಿ ದೊಡ್ಡಮ್ಮನದೇ ಕಾರುಬಾರು. ಕೆಳಗೆ ದೊಡ್ಡಪ್ಪನ ಗೋಣಿಚೀಲದ ಅಂಗಡಿ, ಮೇಲೆ ನಾವು, ಗೋಡೆಯಾಚೆ ಜುಬೇದಮ್ಮ. ಅತ್ತಲಿಂದ ರಂಜಾನಿನ ಶಾವಿಗೆ ಪಾಯಸ ಬಂದ ಬಟ್ಟಲಲ್ಲಿ ಇತ್ತಲಿಂದ ಒಬ್ಬಟ್ಟು ಹೋಗುತ್ತಿತ್ತು. ಒಮ್ಮೆ ಮನೆಯಲ್ಲಿ ಕೊಡುವಂಥದ್ದೇನೂ ಇರಲಿಲ್ಲ. ತೊಳೆದ ಬಟ್ಟಲನ್ನು ಹಾಗೇ ಎತ್ತಿಕೊಂಡು ಹೊರಟೆ. ದೊಡ್ಡಮ್ಮ ಕಿತ್ತುಕೊಂಡು, ಕುಂಡದಿಂದ ಕರಿಬೇವಿನ ಎಸಳು ಮುರಿದು ಒಳಗಿಟ್ಟಳು.

"ಬರಿ ಪಾತ್ರೆ ವಾಪಸ್ ಕೊಡಬಾರ್ದು ಕಣೋ. ಅವರ ಮನೆ ತುಂಬಿರ್ಲಿ ಅನ್ಬೇಕು."

"ಕರಿಬೇವಲ್ಲಿ ಮನೆ ತುಂಬತ್ತಾ?"

"ನಿನ್ನ ತಲೆಗಿಂತ ಜಾಸ್ತಿ ತುಂಬತ್ತೆ ಬುಡು."

ಈಗ ನಾವಿರುವುದು ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ. ಇಲ್ಲಿ ಗೋಡೆಗಳು ಎತ್ತರ, ಮಾತು ಕಡಿಮೆ. ಗೊಂಬೆ ಕೂರಿಸಿದ ನೆಪದಲ್ಲಾದರೂ ಬೀದಿಯವರು ನಮ್ಮ ಮನೆಗೆ ಬಂದು ಒಂದು ತುತ್ತು ತಿನ್ನಲಿ ಎಂಬುದು ಗಿರಿಜೆಯ ಬಹಳ ದಿನದ ಆಸೆ. ನನಗೋ ಆಗ ಪರಿಸರದ ಹುಚ್ಚು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಪ್ಲಾಸ್ಟಿಕ್ ಬೇಡ, ಥರ್ಮೋಕೋಲ್ ಬೇಡ, ಪೇಪರ್ ಲೋಟವೂ ಬೇಡ ಎಂದು ಹಟ ಹಿಡಿದೆ. ಬಾಳೆಲೆ ಹಾಕಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ತಾರಸಿಯಲ್ಲಿ ಜನ ನಿಲ್ಲಬಹುದು, ಪಂಕ್ತಿಯಲ್ಲಿ ಕೂರುವುದಕ್ಕಾಗದು. ಹಾಗಾಗಿ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟೆ: "ದಯವಿಟ್ಟು ತಟ್ಟೆ, ಲೋಟ ನೀವೇ ತನ್ನಿ."

ಗುಂಪು ಗಪ್‌ಚುಪ್. ಮರುದಿನ ಹಾಲಿನಂಗಡಿಯಲ್ಲಿ ಸರೋಜಮ್ಮ ಗಿರಿಜೆಯನ್ನು ಹಿಡಿದು ಕೇಳಿದರಂತೆ, "ಅಲ್ಲ ಕಣ್ರೀ, ಊಟಕ್ಕೆ ಕರೆದು ತಟ್ಟೆ ತನ್ನಿ ಅಂದ್ರೆ ಎಂಗೆ? ನಾವೇನು ಬೇಡೋಕೆ ಬರ್ತಿದ್ದೀವಾ?"

ಗಿರಿಜೆ ಮನೆಗೆ ಬಂದು ಕಣ್ಣೊರೆಸಿಕೊಂಡಳು. "ನಿಮ್ಮ ಭೂಮಿ ಉಳೀತು, ನನ್ನ ಮರ್ಯಾದೆ ಹೋಯ್ತು. ಯಾರೂ ಬರಲ್ಲ, ನೋಡ್ತಿರಿ."

ಆ ಸಂಜೆ ಬಿಸಿಬೇಳೆಬಾತಿನ ಪಾತ್ರೆಯ ಪಕ್ಕ ಇಬ್ಬರೂ ಕೂತು ಗೇಟನ್ನೇ ನೋಡುತ್ತಿದ್ದೆವು. ಅಲಂಕಾರ ಮಾಡಿಕೊಂಡು ಬಂದ ಅತಿಥಿಗಳೆಂದರೆ ಗೊಂಬೆಗಳು ಮಾತ್ರ. ಆಮೇಲೆ ಗೇಟು ಕಿರ್ ಎಂದಿತು. ಸರೋಜಮ್ಮ! ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಈ ಡಬ್ಬಿ, ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ.

"ಬರಿ ತಟ್ಟೆ ಇಡ್ಕೊಂಡು ಇನ್ನೊಬ್ಬರ ಹೊಸಿಲು ತುಳಿಯೋಕಾಗತ್ತಾ?" ಎಂದು ಸಿಡುಕುತ್ತಲೇ ಒಳಗೆ ಬಂದರು.

ಅವರ ಹಿಂದೆ ಬೀದಿಯೇ ಬಂತು. ಒಬ್ಬರ ಲೋಟದಲ್ಲಿ ಸಕ್ಕರೆ, ಒಬ್ಬರ ತಟ್ಟೆಯಲ್ಲಿ ರಸಬಾಳೆ, ಮತ್ತೊಬ್ಬರದರಲ್ಲಿ ಕಡಲೆ ಉಸಲಿ. ಮೂಲೆಮನೆಯ ಮುದುಕರೊಬ್ಬರು ಲೋಟದೊಳಗೆ ಒಂದು ಮೊಳ ಮಲ್ಲಿಗೆ ಸುರುಳಿ ಸುತ್ತಿಟ್ಟುಕೊಂಡು ಬಂದಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಂದೇ ಒಂದು ತಟ್ಟೆ ಬರಿದಾಗಿ ನಮ್ಮ ಮನೆಯೊಳಗೆ ಬರಲಿಲ್ಲ. ದೊಡ್ಡಮ್ಮ ಹೋಗಿ ಎಷ್ಟೋ ಕಾಲವಾಯಿತು. ಅವಳ ಮುಖವನ್ನೂ ಕಾಣದ ಈ ಬೀದಿಗೆ ಅವಳ ಮಾತು ಹೇಗೆ ಗೊತ್ತಾಯಿತು? ಬಾಗಿಲಲ್ಲಿ ಕೈಮುಗಿದು ನಿಂತೇ ಇದ್ದೆ. ಬಂದವರು ಅದನ್ನು ಸ್ವಾಗತವೆಂದುಕೊಂಡರು.

ಹೋಗುವಾಗ ಗಿರಿಜೆಯೂ ಯಾರನ್ನೂ ಬರಿ ತಟ್ಟೆಯಲ್ಲಿ ಕಳಿಸಲಿಲ್ಲ. ಒಬ್ಬರು ತಂದದ್ದು ಇನ್ನೊಬ್ಬರ ಮನೆ ಸೇರಿತು. ಬೆಳಿಗ್ಗೆ ಕಸದ ಗಾಡಿ ಬಂದಾಗ ನಮ್ಮಲ್ಲಿ ಕೊಡಲು ಇದ್ದದ್ದು ಬಾಳೆಹಣ್ಣಿನ ಸಿಪ್ಪೆ. ಸರೋಜಮ್ಮ ಮರೆತುಹೋಗಿ ನಮ್ಮಲ್ಲಿ ಉಳಿದದ್ದು ಈ ಡಬ್ಬಿ.

ಇವತ್ತು ಮನೆಯಲ್ಲಿ ಕೊಡುವಂಥ ತಿಂಡಿಯೇನೂ ಇರಲಿಲ್ಲ. ಕಾಂಪೌಂಡಿನ ಗಿಡದಿಂದ ಕರಿಬೇವಿನ ಎಸಳು ಮುರಿದು ಡಬ್ಬಿಯೊಳಗಿಟ್ಟು, ತುಸು ನಾಚಿಕೆಯಿಂದಲೇ ಎದುರುಮನೆಗೆ ಹೋದೆ. ಸರೋಜಮ್ಮ ಮುಚ್ಚಳ ತೆಗೆದು ಮೂಸಿ ನೋಡಿದರು. ನಗಲಿಲ್ಲ.

"ಅವಲಕ್ಕಿಗೆ ಒಗ್ಗರಣೆ ಆಕ್ಬೇಕು ಅಂತಿದ್ದೆ, ಸರಿಯಾಗಿ ತಂದ್ರಿ. ಅಲ್ಲೇ ಕೂತ್ಕೊಳ್ಳಿ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಟಪಟ ಸದ್ದು ಬಂತು, ಆಮೇಲೆ ಅದೇ ಡಬ್ಬಿ, ಕೈ ಸುಡುವಷ್ಟು ಬಿಸಿಯಾಗಿ. ಎದೆಗವಚಿಕೊಂಡು ಮನೆಗೆ ಬಂದೆ. ಈ ಡಬ್ಬಿಯನ್ನು ಹಿಂದಿರುಗಿಸಿ ಮುಗಿಸುವ ಯೋಚನೆಯನ್ನು ಬಿಟ್ಟಿದ್ದೇನೆ.