ಗದ್ದದ ಕೆಳಗಿನ ಫೋಟೋಗಳು

ಟಿಕೋಟಾದಿಂದ ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಆ ಟೇಲರ್ ಹುಡುಗಿ ತಾನು ಹೊಲಿದ ಬ್ಲೌಸುಗಳನ್ನು ತಾನೇ ತೊಟ್ಟು ಫ್ಯಾಶನ್ ಬ್ಲಾಗ್ ನಡೆಸುತ್ತಿದ್ದಳು. ಅವಳ ಮನೆಯವರದು ಒಂದೇ ಕಂಡೀಶನ್: ಫೋಟೋದಲ್ಲಿ ಮುಖ ಬರಬಾರದು. ಏನು ಕೇಳಿದರೂ ಕೊರಳಲ್ಲಿನ ಟೇಪು ಎಳೆಯುತ್ತ, "ತಡೀರಿ, ನೋಡೂಣು" ಅನ್ನುವಳು.

ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವಾಗ, ಮ್ಯಾನ್ಯುಯಲ್ ಓದಲು ನನ್ನ ಕಾನ್ವೆಂಟ್ ಇಂಗ್ಲಿಷು ಬೇಕೆಂದು ಸೊಲ್ಲಾಪುರ ರಸ್ತೆಯ ಅಂಗಡಿಗೆ ಕರೆದೊಯ್ದಳು. ಕೊನೆಗೆ ಎರಡು ಉಳಿದವು. ಎರಡೂ ಅಂಗೈಯಷ್ಟೇ, ಸೋ ಕ್ಯೂಟ್! ಒಂದರ ಸ್ಕ್ರೀನು ಮಾತ್ರ ಮುಂದಕ್ಕೆ ತಿರುಗಿ, ಎದುರು ನಿಂತವರಿಗೆ ಅವರನ್ನೇ ತೋರಿಸುತ್ತಿತ್ತು.

"ಮುಖಾನ ಬರೂದಿಲ್ಲಂದ್ರ ತಿರುಗೂ ಸ್ಕ್ರೀನ್ ಯಾಕ್ರಿ ಅಕ್ಕಾರ? ಇನ್ನೊಂದು ಒಯ್ರಿ," ಎಂದ ಅಂಗಡಿಯವನು.

"ತಡೀರಿ, ನೋಡೂಣು."

ಕ್ಯಾಮೆರಾವನ್ನು ಕೌಂಟರ್ ಮೇಲಿಟ್ಟು, ಸ್ಕ್ರೀನು ತಿರುಗಿಸಿ, ಹಿಂದೆ ಸರಿದು ನಿಂತಳು. ಸೆರಗು ಸರಿಪಡಿಸಿಕೊಂಡಳು. ಆಮೇಲೆ ಅಲುಗಾಡಲೇ ಇಲ್ಲ.

"ಮಂದಿ ನೋಡಬಾರ್ದು ಅಂದಾರ್ರಿ ಆಂಟಿ," ಎಂದಳು ನನಗೆ. "ನಾ ನೋಡಬಾರ್ದು ಅಂತ ಯಾರೂ ಅಂದಿಲ್ಲ."

ಅದನ್ನೇ ಕೊಂಡಳು.

ಈಗ ಆಕೆ ಬೇರೆ ಊರಿನಲ್ಲಿದ್ದಾಳೆ. ಬ್ಲಾಗಿನ ಫೋಟೋಗಳು ಇಂದಿಗೂ ಗದ್ದದ ಕೆಳಗೇ ನಿಲ್ಲುತ್ತವೆ. ಮೇಲೆ ನಗುತ್ತಿದ್ದಾಳೇನೋ ಎಂದು ನಾನು ಮೊಬೈಲಿನಲ್ಲಿ ಬೆರಳಿನಿಂದ ಫೋಟೋವನ್ನು ಕೆಳಗೆಳೆದು ನೋಡುತ್ತೇನೆ. ಸಿಲ್ಲಿ, ಐ ನೋ.